88ನೇ ನಿಮಿಷದ ವು ಲೇ

2020ರ ಜನವರಿ 4, ಶನಿವಾರ. ಸ್ಪೇನಿನಲ್ಲಿ ರಾತ್ರಿ ಒಂಬತ್ತು, ನಮ್ಮಲ್ಲಿ ಒಂದೂವರೆ, ಚೀನೀ ಸ್ಟ್ರೈಕರ್ ವು ಲೇ ಆಡಿ ಬೆಳೆದ ಶಾಂಘೈನಲ್ಲಿ ಬೆಳಗಿನ ಜಾವ ನಾಲ್ಕು. ಆ ವರ್ಷಗಳಲ್ಲಿ ಸ್ಪೇನಿನ ಅಗ್ರ ಫುಟ್‌ಬಾಲ್ ಲೀಗ್ ಲಾ ಲಿಗಾದ ಪಂದ್ಯಗಳು ಭಾರತದಲ್ಲಿ ಫೇಸ್‌ಬುಕ್‌ನಲ್ಲೇ ಪುಕ್ಕಟೆ ಬರುತ್ತಿದ್ದವು, ನಿದ್ದೆ ಬಿಡುವ ಖರ್ಚೊಂದೇ. ಬಾರ್ಸಿಲೋನಾ ಪಟ್ಟಿಯ ತುದಿಯಲ್ಲಿ, ಅದೇ ಊರಿನ ಎಸ್ಪನ್ಯೋಲ್ ತಳದಲ್ಲಿ. ಎಸ್ಪನ್ಯೋಲ್‌ನ ಹೊಸ ಕೋಚ್ ಅಬೆಲಾರ್ಡೊಗೆ ಇದು ಮೊದಲ ಲೀಗ್ ಪಂದ್ಯ.

ಡೇವಿಡ್ ಲೋಪೆಜ್ 23ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದಾಗ ಆತಿಥೇಯ ಎಸ್ಪನ್ಯೋಲ್‌ಗೆ ಆಸೆ ಚಿಗುರಿತು. ವಿರಾಮದ ನಂತರ ಬಾರ್ಸಿಲೋನಾದ ಸುವಾರೆಜ್ ಗೋಲು, ಅವರ ಹಿಂದೆಯೇ ವಿದಾಲ್. ಬಾರ್ಸಿಲೋನಾ 2–1 ಮುಂದೆ. ಆಟ ಮುಗಿಯಲು ಕಾಲು ಗಂಟೆ ಇದ್ದಾಗ ಬಾರ್ಸಿಲೋನಾದ ಡಿ ಯಾಂಗ್ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದರು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಎಸ್ಪನ್ಯೋಲ್‌ನ 24ನೇ ನಂಬರಿನ ಅಂಗಿಯಲ್ಲಿ ವು ಲೇ ಒಳಗೆ ಬಂದರು.

88ನೇ ನಿಮಿಷ. ಬಲಗಡೆಯಿಂದ ಡಿಫೆನ್ಸ್ ಬೆನ್ನ ಹಿಂದಕ್ಕೆ ಓಟ, ಪಾಸ್ ಕಾಲಿಗೆ ಸಿಕ್ಕಿತು, ನೆಲ ಸವರಿಕೊಂಡು ಹೋದ ಹೊಡೆತ ಗೋಲ್‌ಕೀಪರ್ ನೆಟೊ ಅವರನ್ನು ದಾಟಿ ದೂರದ ಮೂಲೆ ಸೇರಿತು. 2–2. ಬಾರ್ಸಿಲೋನಾ ಮೇಲೆ ಗೋಲು ಹೊಡೆದ ಮೊದಲ ಚೀನೀ ಆಟಗಾರ.

ಆ ಗೋಲನ್ನು ನಿಧಾನಗತಿಯಲ್ಲಿ ನೋಡಿದವರು ಚೆಂಡನ್ನೇ ನೋಡುತ್ತಾರೆ. ನೋಡಬೇಕಾದದ್ದು ಅದಕ್ಕೂ ಮುಂಚಿನದು. ವು ಲೇ ಎತ್ತರ 1.74 ಮೀಟರ್. ಡಿಫೆಂಡರ್ ಜೊತೆ ಮೈಗೆ ಮೈ ಕೊಟ್ಟು ಗೆಲ್ಲುವ ದೇಹ ಅಲ್ಲ. ಅವರ ಕಸುಬು ಬೇರೆ. ಇಂಥ ಸ್ಟ್ರೈಕರ್ ಸೆಂಟರ್ ಬ್ಯಾಕ್‌ ಮತ್ತು ಫುಲ್ ಬ್ಯಾಕ್‌ (ಮಧ್ಯದ ಮತ್ತು ಬದಿಯ ಡಿಫೆಂಡರ್) ನಡುವಿನ ಸಂದಿಯಲ್ಲಿ, ಅವರ ಹೆಗಲ ಹಿಂದೆ ನಿಲ್ಲುತ್ತಾನೆ. ಡಿಫೆಂಡರ್ ಚೆಂಡು ನೋಡಿದರೆ ಇವನು ಕಾಣ, ಇವನನ್ನು ನೋಡಿದರೆ ಚೆಂಡು ಕಾಣದು. ಪಾಸ್ ಕೊಡುವವನು ತಲೆ ಎತ್ತುವುದನ್ನೇ ಕಾಯಬೇಕು. ಅರೆಕ್ಷಣ ಮೊದಲು ಹೊರಟರೆ ಆಫ್‌ಸೈಡ್, ಅಂದರೆ ಪಾಸ್ ಹೊರಡುವ ಮುಂಚೆಯೇ ಡಿಫೆಂಡರ್‌ಗಳನ್ನು ದಾಟಿದ ತಪ್ಪು; ಅರೆಕ್ಷಣ ತಡವಾದರೆ ಡಿಫೆಂಡರ್ ಆಗಲೇ ತಿರುಗಿ ಓಡುತ್ತಿರುತ್ತಾನೆ. ಅದಕ್ಕೇ ಮೊದಲ ನಾಲ್ಕೈದು ಹೆಜ್ಜೆ ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ ಅಡ್ಡಕ್ಕೆ ಓಡಿ, ವೇಗ ಕೂಡಿದ ಮೇಲೆ ಒಳಕ್ಕೆ ತಿರುಗುವುದು. ಮೊದಲ ಟಚ್ ಉದ್ದವಾದರೆ ಚೆಂಡು ಕೀಪರ್ ಪಾಲು, ಕಾಲಡಿಗೇ ಉಳಿದರೆ ಬೆನ್ನಟ್ಟಿದವನು ಕಸಿಯುತ್ತಾನೆ. ಹೊಡೆತ ದೂರದ ಮೂಲೆಗೇ ಏಕೆಂದರೆ ಕೀಪರ್ ಹತ್ತಿರದ ಕಂಬ ಮುಚ್ಚಿಕೊಂಡು ಬರುತ್ತಾನೆ. ಕೈಗೆ ತಾಗಿದರೂ ಚೆಂಡು ಗೋಲಿನ ಮುಂದೆಯೇ ಬೀಳುತ್ತದೆ, ಇನ್ನೊಬ್ಬ ಹೊಡೆಯಬಹುದು. ಊರಿದ ಕಾಲು ಚೆಂಡಿಗಿಂತ ಹಿಂದೆ ಉಳಿದರೆ ಮಾತ್ರ ಕಥೆ ಮುಗಿಯಿತು, ಚೆಂಡು ಗ್ಯಾಲರಿಗೆ.

ಈ ಕಸುಬು ಹುಟ್ಟಿದ್ದು ಶಾಂಘೈ ಬಳಿಯ ಚೊಂಗ್‌ಮಿಂಗ್ ದ್ವೀಪದಲ್ಲಿ, ಕೋಚ್ ಶು ಗೆನ್‌ಬಾವೊ ಕಟ್ಟಿದ ಅಕಾಡೆಮಿಯಲ್ಲಿ. 2006ರಲ್ಲಿ, ಇನ್ನೂ 14ರ ಹುಡುಗನಾಗಿದ್ದಾಗಲೇ ಮೂರನೇ ದರ್ಜೆಯ ವೃತ್ತಿಪರ ಲೀಗ್‌ನಲ್ಲಿ ಆಡಿದವರು. 2018ರಲ್ಲಿ 27 ಗೋಲು ಹೊಡೆದು ಚೀನೀ ಸೂಪರ್ ಲೀಗ್‌ನ ಅಗ್ರ ಸ್ಕೋರರ್ ಆದರು, ಅವರ ಶಾಂಘೈ ತಂಡಕ್ಕೆ ಪ್ರಶಸ್ತಿಯೂ ಬಂತು. ಆಗ ಅವರ ಹಿಂದೆ ಪಾಸ್ ಕೊಡಲು ಬ್ರೆಜಿಲ್‌ನ ಆಸ್ಕರ್, ಡಿಫೆಂಡರ್‌ಗಳನ್ನು ತನ್ನತ್ತ ಸೆಳೆಯಲು ಅದೇ ದೇಶದ ಹಲ್ಕ್. 2019ರ ಜನವರಿಯಲ್ಲಿ ಎಸ್ಪನ್ಯೋಲ್ ಸೇರಿದಾಗ, ಕ್ಲಬ್ಬಿನ ಒಡೆಯರೂ ಚೀನಾದವರೇ ಆದ್ದರಿಂದ, ಅಂಗಿ ಮಾರಲು ತಂದ ಆಟಗಾರ ಎಂಬ ಗೊಣಗಾಟ ಎದ್ದಿತು. ಪೂರಾ ಸುಳ್ಳೇನಲ್ಲ. ಆದರೆ ಆ ಮಾರ್ಚ್‌ನಲ್ಲಿ ವಲ್ಲಾಡೊಲಿಡ್ ವಿರುದ್ಧ, ಮೇ 18ರಂದು ಸೀಸನ್ನಿನ ಕೊನೆಯ ಪಂದ್ಯದಲ್ಲಿ ರಿಯಲ್ ಸೊಸಿಯೆಡಾಡ್ ವಿರುದ್ಧ ಬಿದ್ದ ಗೋಲುಗಳು ಅಂಗಿ ಮಾರಾಟದ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದರ ದಿನವೇ ತಂಡಕ್ಕೆ ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಬಾಗಿಲು ತೆರೆಯಿತು.

ಬಾರ್ಸಿಲೋನಾ ಎದುರಿನ ಆ ಒಂದು ಪಾಯಿಂಟ್ ಎಸ್ಪನ್ಯೋಲನ್ನು ಉಳಿಸಲಿಲ್ಲ. ಜುಲೈ 8ರಂದು, ಅದೇ ಬಾರ್ಸಿಲೋನಾ ಎದುರು ಕ್ಯಾಂಪ್ ನೌನಲ್ಲಿ 1–0 ಸೋತು ಎರಡನೇ ದರ್ಜೆಗೆ ಇಳಿಯಿತು. ವು ಲೇಗೆ ನಿಜವಾದ ಕಷ್ಟ ಶುರುವಾದದ್ದು ಅಲ್ಲಿ. ಕೆಳಗಿನ ಲೀಗ್‌ನಲ್ಲಿ ಎಸ್ಪನ್ಯೋಲೇ ದೊಡ್ಡ ತಂಡ. ಎದುರಾಳಿಗಳು ತಮ್ಮ ಪೆನಾಲ್ಟಿ ಬಾಕ್ಸಿನ ಮುಂದೆಯೇ ಗೋಡೆ ಕಟ್ಟಿ ಕೂತರು. ಬೆನ್ನ ಹಿಂದೆ ಜಾಗವೇ ಇಲ್ಲದಿದ್ದರೆ ಬೆನ್ನ ಹಿಂದೆ ಓಡುವುದೆಲ್ಲಿಗೆ? ನಡುವಿನ ಜಾಗ ಆ ಸೀಸನ್ನಿನಲ್ಲಿ 23 ಗೋಲು ಹೊಡೆದ ತಂಡದ ಇನ್ನೊಬ್ಬ ಸ್ಟ್ರೈಕರ್ ರೌಲ್ ಡಿ ತೊಮಾಸ್ ಪಾಲಾಯಿತು. ವು ಲೇ ಬದಿಗೆ ಸರಿದರು. ಬದಿಯಲ್ಲಿ ಚೆಂಡು ಕಾಲಿಗೆ ಬರುತ್ತದೆ, ಗೋಲಿಗೆ ಬೆನ್ನು ಹಾಕಿ ಹಿಡಿದು, ಎದುರಿನವನನ್ನು ಒಬ್ಬರೇ ದಾಟಬೇಕು. ಅದು ಅವರು ಕಲಿತ ವಿದ್ಯೆಯಲ್ಲ. ತವರಿನ ಅಭಿಮಾನಿಗಳು ಇಟ್ಟ ‘ಚೆಂಡಿನ ರಾಜ ವು’ ಎಂಬ ಹೆಸರಲ್ಲಿ ಮೆಚ್ಚುಗೆ ಕಮ್ಮಿಯಾಗಿ ಕುಹಕ ಹೆಚ್ಚತೊಡಗಿತು.

2022ರ ಆಗಸ್ಟಿನಲ್ಲಿ ವಾಪಸು ಶಾಂಘೈ. 2024ರಲ್ಲಿ, 32ರ ವಯಸ್ಸಿನಲ್ಲಿ, ಒಂದೇ ಲೀಗ್ ಸೀಸನ್ನಿನಲ್ಲಿ 34 ಗೋಲು, ಚೀನೀ ಸೂಪರ್ ಲೀಗ್ ದಾಖಲೆ. ಹೆಗಲ ಹಿಂದಿನಿಂದ ಅದೇ ಅಡ್ಡ ಓಟ, ಪಾಸ್ ಕೊಡಲು ಅದೇ ಆಸ್ಕರ್.