ಅಜ್ಜಿ ಕೂರುವ ಜಾಗ ಹುಡುಕುತ್ತಾ ಮೇಲುಕೋಟೆಯಿಂದ ಹಿನ್ನೀರಿನವರೆಗೆ

ಈ ಸಂಕ್ರಾಂತಿಗೆ ಮೈಸೂರಿನ ಒಂದು ಮನೆಯವರೆಲ್ಲ ಒಟ್ಟಿಗೆ ಸೇರುತ್ತಿದ್ದಾರೆ. ಅಜ್ಜಿ, ಮಕ್ಕಳು, ಸೊಸೆಯಂದಿರು, ಅಳಿಯ, ಮೊಮ್ಮಕ್ಕಳು. ದೊಡ್ಡ ಮಗ ಜರ್ಮನಿಯಿಂದ ಬರುತ್ತಿರುವುದರಿಂದ ಎಲ್ಲರೂ ಇರುವಾಗಲೇ ಒಂದು ಫೋಟೋ ಆಗಬೇಕು ಅಂತ ಸೊಸೆ ಫೋಟೋಗ್ರಾಫರ್ ಆದ ನನಗೆ ಫೋನ್ ಮಾಡಿದ್ದರು. "ಸ್ಟುಡಿಯೋ ಬೇಡ ಮೇಡಂ, ಹೊರಗಡೆ ಎಲ್ಲಾದ್ರೂ ಚೆನ್ನಾಗಿರೋ ಕಡೆ ತೆಗೀರಿ. ಆದ್ರೆ ಅತ್ತೆಗೆ ಮಂಡಿ ಆಪರೇಷನ್ ಆಗಿದೆ, ಜಾಸ್ತಿ ನಡೆಯೋಕಾಗಲ್ಲ" ಅಂದರು. ಚಿಕ್ಕ ಮೊಮ್ಮಗಳಿಗೆ ಮೂರು ವರ್ಷ, ಮಧ್ಯಾಹ್ನ ಊಟ ಆದ ತಕ್ಷಣ ಮಲಗಬೇಕು, ಇಲ್ಲದಿದ್ದರೆ ಸಂಜೆಯೆಲ್ಲ ಅಳು.

ನನ್ನ ಮಟ್ಟಿಗೆ ಜಾಗ ಆರಿಸುವ ಕೆಲಸ ಅರ್ಧ ಅಲ್ಲೇ ಮುಗಿಯುತ್ತದೆ. ಮನೆಯಲ್ಲಿ ಎಲ್ಲರಿಗಿಂತ ದೊಡ್ಡವರು ಎಲ್ಲಿ ಆರಾಮಾಗಿ ಕೂರುತ್ತಾರೆ, ಎಲ್ಲರಿಗಿಂತ ಚಿಕ್ಕದು ಯಾವ ಹೊತ್ತಿನಲ್ಲಿ ನಗುತ್ತದೆ, ಇವೆರಡು ಗೊತ್ತಾದರೆ ಸಾಕು. ಬೆಟ್ಟ, ಕೆರೆ, ಗೋಪುರ ಎಲ್ಲ ಆಮೇಲೆ. ನೋಟ ಎಷ್ಟೇ ಚೆನ್ನಾಗಿದ್ದರೂ ಮಂಡಿ ನೋವಿನಲ್ಲಿ ನಿಂತ ಅಜ್ಜಿಯ ಮುಖ ಫೋಟೋದಲ್ಲಿ ಹಾಗೇ ಬರುತ್ತದೆ, ಮುಂದೆ ಆ ಮನೆಯವರು ಗೋಡೆ ಮೇಲೆ ನೋಡುವುದು ಆ ಮುಖವನ್ನೇ ಅಲ್ವಾ.

ಹಬ್ಬಕ್ಕೆ ಒಂದು ವಾರ ಮುಂಚೆ ಜಾಗ ನೋಡಿಕೊಂಡು ಬರೋಣ ಅಂತ ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಹುಡುಗ ಬೆಳಗಿನ ಜಾವ ಮೈಸೂರು ಬಿಟ್ಟೆವು. ತಿಂಗಳುಗಟ್ಟಲೆ ಮುಂಚೆ ನೋಡಿದ ಬೆಳಕನ್ನು ನಾನು ನಂಬುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ಪಶ್ಚಿಮದಿಂದ ಸಾಕಷ್ಟು ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಎರಡರ ನಡುವೆ ಹತ್ತಿರ ಹತ್ತಿರ 48 ಡಿಗ್ರಿ ವ್ಯತ್ಯಾಸ ಇದೆ. ಜೂನ್‌ನಲ್ಲಿ ಮರದ ಪಕ್ಕದಿಂದ ಬಂದ ಬಿಸಿಲು ಜನವರಿಯಲ್ಲಿ ಅದೇ ಮರದ ಹಿಂದೆ ಅಡಗಿರಬಹುದು. ಅದಕ್ಕೇ ಫೋಟೋ ದಿನಕ್ಕೆ ಹತ್ತಿರದಲ್ಲೇ, ಅದೇ ಹೊತ್ತಿನಲ್ಲಿ ಹೋಗಿ ನೋಡಬೇಕು.

ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ರಸ್ತೆ ಹಿಡಿದಾಗ ಇನ್ನೂ ಕತ್ತಲು. ಗದ್ದೆ ಮೇಲೆಲ್ಲ ಮಂಜು, ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ. ಜಕ್ಕನಹಳ್ಳಿ ಕಳೆದು ಮೇಲುಕೋಟೆ ಹತ್ತುವಷ್ಟರಲ್ಲಿ ಮೂಡಣ ಕೆಂಪಾಗಿತ್ತು. ಮೈಸೂರಿನಿಂದ ಸುಮಾರು 50 ಕಿಲೋಮೀಟರ್. ಈ ದಿನಗಳಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಮ್ಮಿ ಆರೂಮುಕ್ಕಾಲಿಗೆ, ಹಾಗಾಗಿ ತೀರಾ ನಡುರಾತ್ರಿಯಲ್ಲಿ ಎದ್ದು ಹೊರಡುವ ಕಷ್ಟ ಇಲ್ಲ.

ಮೇಲುಕೋಟೆ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಬೆಟ್ಟದ ಮೇಲಿನ ಯೋಗಾನರಸಿಂಹ ದೇವಸ್ಥಾನ, ಆಮೇಲೆ ಚೆಲುವನಾರಾಯಣ, ಆಮೇಲೆ ಪುಳಿಯೋಗರೆ. ನಾನು ನೇರ ಹೋಗಿದ್ದು ಕಲ್ಯಾಣಿಗೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು, ಸುತ್ತ ಕಂಬಗಳ ಮಂಟಪ. ಹಾಗಾಗಿ ಬೆಳಿಗ್ಗೆ ಸಂಜೆ ಯಾವಾಗ ಹೋದರೂ ಯಾವುದಾದರೂ ಒಂದು ಬದಿಯಲ್ಲಿ ನೆರಳು ಸಿಕ್ಕೇ ಸಿಗುತ್ತದೆ. ಬೆಳಿಗ್ಗೆ ಪೂರ್ವದ ಬದಿಯ ಮಂಟಪದಲ್ಲಿ ನಿಂತರೆ ಸೂರ್ಯ ಬೆನ್ನ ಹಿಂದೆ, ಮಂಟಪದ ಮರೆಯಲ್ಲಿ. ಎದುರಿನ ಪಶ್ಚಿಮದ ಮೆಟ್ಟಿಲುಗಳ ಮೇಲೆ ಬಿಸಿಲು ಬಿದ್ದು, ಆ ಕಲ್ಲಿನಿಂದಲೂ ನೀರಿನಿಂದಲೂ ಬೆಳಕು ವಾಪಸ್ ಮುಖದ ಮೇಲೆ ಬರುತ್ತದೆ. ಯಾವ ಲೈಟೂ ಬೇಡ, ರಿಫ್ಲೆಕ್ಟರೂ ಬೇಡ.

ಹುಡುಗನನ್ನು ಅಲ್ಲಿ ನಿಲ್ಲಿಸಿ ನಿಧಾನ ಒಂದು ಸುತ್ತು ತಿರುಗು ಅಂದೆ. ಯಾವ ಹೊಸ ಜಾಗಕ್ಕೆ ಹೋದರೂ ನಾನು ಮೊದಲು ಮಾಡುವುದು ಇದನ್ನೇ. ಕ್ಯಾಮೆರಾ ಇನ್ನೂ ಬ್ಯಾಗಿನಲ್ಲೇ ಇರುತ್ತದೆ. ಅವನು ಮಂಟಪದ ಒಳಗಡೆ ಮುಖ ಮಾಡಿದಾಗ ಕಣ್ಣು ಎರಡು ಕಪ್ಪು ಗುಳಿ. ಕಲ್ಯಾಣಿ ಕಡೆ ತಿರುಗುತ್ತಿದ್ದಂತೆ ಕಣ್ಣಿನಲ್ಲಿ ಸಣ್ಣ ಬಿಳಿ ಚುಕ್ಕಿ ಬಂತು, ಮೂಗಿನ ನೆರಳು ಮಾಯವಾಯಿತು, ಗಡ್ಡದ ಕೆಳಗೂ ಬೆಳಕು. ಅಂಚಿನಿಂದ ಎರಡು ಅಡಿ ಒಳಗೆ ಅತ್ಯಂತ ಚೆನ್ನ. ಅದಕ್ಕಿಂತ ಒಳಗೆ ಸರಿದರೆ ಮುಖ ಕಪ್ಪಾಗುತ್ತದೆ, ಅಂಚಿಗೇ ಬಂದರೆ ಮೇಲಿನ ಆಕಾಶದ ಬೆಳಕು ಹಣೆಗೆ ಬಡಿಯುತ್ತದೆ. "ಅಕ್ಕ, ಇಲ್ಲಿ ಅಜ್ಜಿ ಕೂತ್ಕೋಬಹುದು ನೋಡಿ" ಅಂತ ಅವನೇ ಮಂಟಪದ ಕಲ್ಲಿನ ಜಗಲಿ ತೋರಿಸಿದ. ಹೌದು, ಅದೇ ಬೇಕಾಗಿದ್ದು. ಕುರ್ಚಿಯಷ್ಟೇ ಎತ್ತರ, ಕೂರಲೂ ಏಳಲೂ ಬಗ್ಗಬೇಕಿಲ್ಲ. ಅಜ್ಜಿ ಮಧ್ಯ ಕೂತರೆ ಮಕ್ಕಳು ಅಕ್ಕಪಕ್ಕ, ಮೊಮ್ಮಕ್ಕಳು ಕೆಳಗಿನ ಮೆಟ್ಟಿಲಲ್ಲಿ, ಉಳಿದವರು ಹಿಂದೆ ನಿಂತುಕೊಳ್ಳಬಹುದು. ಒಬ್ಬರ ಮುಖ ಇನ್ನೊಬ್ಬರಿಗೆ ಅಡ್ಡ ಬರುವುದಿಲ್ಲ.

ಒಂದೇ ತೊಡಕು, ಎದುರಿಗೆ ಕಲ್ಯಾಣಿ ಇರುವುದರಿಂದ ಫೋಟೋ ತೆಗೆಯುವವರು ಹಿಂದೆ ಸರಿಯಲು ಜಾಗ ಇಲ್ಲ. ಕೆಳಗಿನ ಮೆಟ್ಟಿಲಿಗೆ ಇಳಿದು ಮೇಲಕ್ಕೆ ನೋಡಿ ತೆಗೆದರೆ ಎಲ್ಲರ ಗಲ್ಲ ದಪ್ಪ ಕಾಣುತ್ತದೆ. ಮೂಲೆ ತಿರುಗಿ ಪಕ್ಕದ ಬದಿಗೆ ಹೋಗಿ, ಅದೇ ಎತ್ತರದಲ್ಲಿ ನಿಂತು, ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಹಾಕಿ ನೋಡಿದೆ. ಕಂಬಗಳ ಸಾಲು ಹಿಂದೆ ಹತ್ತಿರ ಹತ್ತಿರ ಬಂದು ಚೆಂದ ಕೂರುತ್ತದೆ. ಎರಡು ಸಾಲು ಜನ ಇರುವಾಗ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಕಿರಿದು ಮಾಡಿ ಎಫ್ 5.6 ಅಥವಾ ಎಫ್ 8ರಲ್ಲಿ ಇಟ್ಟರೆ ಹಿಂದಿನ ಸಾಲೂ ಸ್ಪಷ್ಟ. ಹಿಂದೆ ಮಸುಕಾಗಲಿ ಅಂತ ಕಿಂಡಿ ಅಗಲಿಸಿ ಎಫ್ 2ಕ್ಕೆ ತಂದರೆ ಮಸುಕಾಗುವುದು ಹಿಂದೆ ನಿಂತ ಅಳಿಯ.

ಅಷ್ಟರಲ್ಲಿ ಹೂ ಮಾರುವ ಅಜ್ಜಿಯೊಬ್ಬರು ಬುಟ್ಟಿ ಇಳಿಸಿ ಮಾತಿಗೆ ಬಂದರು. "ಯಾವೂರವ್ವ ನಿಮ್ದು? ಸಿನಿಮಾದೋರಾ?" ಇಲ್ಲ ಅಜ್ಜಿ, ಒಂದು ಮನೆಯವರ ಫೋಟೋಕ್ಕೆ ಜಾಗ ನೋಡೋಕೆ ಬಂದಿದ್ದು ಅಂದೆ. "ಹಂಗಾದ್ರೆ ಬೆಳಿಗ್ಗೇಲೇ ಬಂದ್ಬುಡಿ ಕಣವ್ವ. ಹೊತ್ತೇರಿದ್ ಮ್ಯಾಲೆ ಬಸ್ಸುಗಳು ಬತ್ತವೆ, ಮೆಟ್ಲೆಲ್ಲ ಜನ ಆಯ್ತರೆ." ಇಂಥ ಮಾತು ಯಾವ ಮ್ಯಾಪಿನಲ್ಲೂ ಸಿಗುವುದಿಲ್ಲ. ಎಲ್ಲಿ ಹೋದರೂ ಅಲ್ಲೇ ದಿನಾ ಕೂರುವವರನ್ನು ಕೇಳಬೇಕು. ಯಾವಾಗ ಜನ, ಯಾವಾಗ ಕೋತಿ, ಶೌಚಾಲಯ ಎಲ್ಲಿ, ಕಾರು ಎಲ್ಲಿವರೆಗೆ ಬರುತ್ತೆ, ಎಲ್ಲ ಅವರಿಗೆ ಗೊತ್ತು. ಕೋತಿ ವಿಷಯ ಸುಮ್ನೆ ಹೇಳಿದ್ದಲ್ಲ, ಮಗುವಿನ ಕೈಯಲ್ಲಿ ಬಿಸ್ಕತ್ತು ಇದ್ದರೆ ಕಷ್ಟ. ವೈರಮುಡಿ ಉತ್ಸವದ ಹೊತ್ತಿಗೆ, ಅಂದರೆ ಮಾರ್ಚ್ ಏಪ್ರಿಲ್‌ನಲ್ಲಿ, ಈ ಊರಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ, ಆಗ ಫೋಟೋ ಯೋಚನೆಯೇ ಬೇಡ. ಇದು ಪೂಜೆ ನಡೆಯುವ ಊರು, ಕಲ್ಯಾಣಿಯೂ ದೇವರದ್ದೇ, ಆದ್ದರಿಂದ ದೊಡ್ಡ ಗುಂಪು ಕರೆತರುವ ಮುಂಚೆ ದೇವಸ್ಥಾನದ ಕಚೇರಿಯಲ್ಲಿ ಕೇಳಿಯೇ ಬರಬೇಕು.

ರಾಯಗೋಪುರಕ್ಕೂ ಹೋದೆವು. ಪೂರ್ತಿ ಕಟ್ಟದೆ ಬಿಟ್ಟ ಗೋಪುರ, ಆ ಎತ್ತರದ ಕಂಬಗಳ ಬುಡದಲ್ಲಿ ನಿಂತರೆ ಮನುಷ್ಯ ಪುಟ್ಟದಾಗಿ ಕಾಣುತ್ತಾನೆ. ಮದುವೆಗೆ ಮುಂಚೆ ಜೋಡಿ ಫೋಟೋ ತೆಗೆಸಿಕೊಳ್ಳುವವರಿಗೆ ಹೇಳಿ ಮಾಡಿಸಿದ ಜಾಗ. ಮನೆಮಂದಿಯ ಫೋಟೋಕ್ಕೆ ಬೇಡ. ಗೋಪುರ ಪೂರ್ತಿ ಬರಬೇಕೆಂದರೆ ಅಜ್ಜಿಯ ಮುಖ ಬಟಾಣಿ ಕಾಳಿನಷ್ಟಾಗುತ್ತದೆ. ಅಕ್ಕ ತಂಗಿ ಕೊಳವನ್ನು ನೋಡಿಕೊಂಡು ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದು ಇಳಿದೆವು.

ತೊಣ್ಣೂರು ಕೆರೆ ಪಾಂಡವಪುರದ ಹತ್ತಿರ. ಮೋತಿ ತಲಾಬ್ ಎಂಬ ಹೆಸರೂ ಇದಕ್ಕಿದೆ. ಸುತ್ತ ಬೆಟ್ಟ, ನೀರು ತಿಳಿ, ಊರಿನಲ್ಲಿ ಹೊಯ್ಸಳರ ಕಾಲದ ನಂಬಿನಾರಾಯಣ ದೇವಸ್ಥಾನ. ನಾವು ಹೋದಾಗ ಬಿಸಿಲು ಏರಿತ್ತು, ಬೇಕೆಂದೇ ಆ ಹೊತ್ತಿಗೆ ಹೋಗಿದ್ದು, ಯಾಕೆಂದರೆ ಮನೆಯವರು ತಡವಾಗಿ ಹೊರಟರೆ ಗತಿಯೇನು ಅಂತ ತಿಳಿಯಬೇಕಿತ್ತು. ಏರಿ ಮೇಲೆ ನಿಂತರೆ ನೀರಿನ ಹೊಳಪಿಗೆ ಕಣ್ಣು ತಾನಾಗಿ ಕಿರಿದಾಗುತ್ತದೆ. ಗಾಳಿ ಜೋರು. ಸೆರಗು ಹಾರುತ್ತದೆ, ಕೂದಲು ಮುಖಕ್ಕೆ ಬರುತ್ತದೆ. ಮರದ ಕೆಳಗೆ ಹೋಗೋಣವೆಂದರೆ ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆ ಬಿದ್ದು, ಹುಡುಗನ ಒಂದು ಕೆನ್ನೆ ಬೆಳ್ಳಗೆ, ಇನ್ನೊಂದು ಕಪ್ಪು. ಮರದ ನೆರಳು ಅಂದ ತಕ್ಷಣ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಒತ್ತಾದ ನೆರಳು ಬೇರೆ, ಜರಡಿ ನೆರಳು ಬೇರೆ. ಮುಖಕ್ಕೆ ಬೇಕಾದ್ದು ಒತ್ತಾದದ್ದು. ಇನ್ನೊಂದು, ನೀರಿಗೆ ತಡೆ ಇಲ್ಲದ ಕಡೆ ಮೂರು ವರ್ಷದ ಮಗುವನ್ನು ಇಟ್ಟುಕೊಂಡು ಯಾವ ತಾಯಿಯೂ ಕ್ಯಾಮೆರಾ ಕಡೆ ನೋಡುವುದಿಲ್ಲ, ಅವಳ ಕಣ್ಣು ಮಗುವಿನ ಮೇಲೇ ಇರುತ್ತದೆ. ತೊಣ್ಣೂರು ಕೈಬಿಟ್ಟೆವು.

ಶ್ರೀರಂಗಪಟ್ಟಣಕ್ಕೆ ಬಂದಾಗ ಮಧ್ಯಾಹ್ನ. ದರಿಯಾ ದೌಲತ್ ಬಾಗ್ ನೋಡಿದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ತೇಗದ ಮರದ ಕಂಬಗಳು, ಗೋಡೆ ಮೇಲೆ ಬ್ರಿಟಿಷರ ವಿರುದ್ಧದ ಪೊಳ್ಳಿಲೂರು ಯುದ್ಧದ ಚಿತ್ರ. ಚಿತ್ರಗಳಿಗೆ ಬಿಸಿಲು ತಾಗದಂತೆ ಸುತ್ತ ಪರದೆ ಬಿಟ್ಟಿದ್ದಾರೆ, ಬಿಡಲೇಬೇಕು. ತೋಟದ ದಾರಿ ಸಮತಟ್ಟು, ಅಜ್ಜಿಗೆ ಕಷ್ಟ ಇಲ್ಲ. ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು, ಹಬ್ಬದ ರಜೆಯಲ್ಲಿ ಜನವೂ ವಿಪರೀತ. ಹುಲ್ಲುಹಾಸಿನ ಮೇಲೆ ನೆತ್ತಿ ಬಿಸಿಲಲ್ಲಿ ನಿಂತರೆ ಗಲ್ಲದ ಕೆಳಗೆ ಹಸಿರು ಛಾಯೆ ಬರುತ್ತದೆ, ಬಿಳಿ ಅಂಗಿ ಹಾಕಿದವರಿಗಂತೂ ಇನ್ನೂ ಎದ್ದು ಕಾಣುತ್ತದೆ.

ಕಾವೇರಿ ದಡದಲ್ಲಿ ಎಲ್ಲಾದರೂ ತೆಗೆಯಬಹುದಲ್ಲ ಅಂತ ಹುಡುಗ ಕೇಳಿದ. ವೆಲ್ಲೆಸ್ಲಿ ಸೇತುವೆ ತೋರಿಸಿದೆ. 1804ರದ್ದು, ದಿವಾನ್ ಪೂರ್ಣಯ್ಯನವರ ಕಾಲದ್ದು, ಕಲ್ಲಿನ ಕಂಬಗಳ ಸಾಲು ಹೊಳೆಯಲ್ಲಿ ನೋಡಲು ಬಹಳ ಚೆಂದ. ದಡಕ್ಕೆ ಇಳಿಯುವುದೇ ಅಜ್ಜಿಗೆ ಆಗದ ಮಾತು. ಪಶ್ಚಿಮವಾಹಿನಿಯಲ್ಲಿ ಮೆಟ್ಟಿಲಿದೆ, ಮಂಟಪವಿದೆ, ಬೆಳಕೂ ಇದೆ. ಆದರೆ ಅಲ್ಲಿಗೆ ಜನ ಬರುವುದು ಅಸ್ಥಿ ಬಿಡಲು. ಗಾಂಧೀಜಿಯ ಅಸ್ಥಿಯನ್ನೂ 1948ರಲ್ಲಿ ಅಲ್ಲಿ ಬಿಟ್ಟಿದ್ದಾರೆ. ನಾವು ಹೋದಾಗ ಒಂದು ಕುಟುಂಬ ಮಡಕೆ ಹಿಡಿದು ನೀರಿಗೆ ಇಳಿಯುತ್ತಿತ್ತು, ತಲೆ ಬೋಳಿಸಿಕೊಂಡಿದ್ದ ಹುಡುಗ ಇನ್ನೂ ಕಾಲೇಜು ವಯಸ್ಸಿನವನು. ಅವರ ಪಕ್ಕದಲ್ಲಿ ನಿಂತು ಇನ್ನೊಂದು ಮನೆಯವರಿಗೆ ನಗಿ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಸಂಗಮದಲ್ಲೂ ಹಾಗೇ. ಅಲ್ಲಿ ತೆಗೆಯುವವರು ತೆಗೆಯುತ್ತಾರೆ, ನಾನು ತೆಗೆಯುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

ಸಂಜೆಗೆ ಕನ್ನಂಬಾಡಿ ಹಿನ್ನೀರು. ಅಣೆಕಟ್ಟು ಕಟ್ಟಿದಾಗ ಹಳೆಯ ಕನ್ನಂಬಾಡಿ ಊರು ಮುಳುಗಿತು, ಅದರ ಜೊತೆ ವೇಣುಗೋಪಾಲಸ್ವಾಮಿ ದೇವಸ್ಥಾನವೂ. ಎಷ್ಟೋ ವರ್ಷಗಳ ಮೇಲೆ ಅದನ್ನು ಕಲ್ಲು ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದ್ದಾರೆ. ನಮಗೆ ಬೇಕಾಗಿದ್ದು ದೇವಸ್ಥಾನದ ಹೊರಗಿನ ದಡ. ಈ ಜಾಗ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಜಲಾಶಯದ ಪೂರ್ಣ ಮಟ್ಟ 124.80 ಅಡಿ. ತುಂಬಿದಾಗ ನೀರು ಹತ್ತಿರ ಬರುತ್ತದೆ, ಬೇಸಿಗೆಯಲ್ಲಿ ದೂರ ಸರಿದು ಕೆಸರು, ಬಿರುಕು ಬಿಟ್ಟ ನೆಲ. ಪೇಪರಿನಲ್ಲಿ ದಿನಾ ನೀರಿನ ಮಟ್ಟ ಹಾಕುತ್ತಾರಲ್ಲ, ಹೊರಡುವ ಮುಂಚೆ ಅದನ್ನು ನೋಡಿಕೊಂಡರೆ ದಡ ಹೇಗಿರಬಹುದು ಅಂತ ಅಂದಾಜು ಸಿಗುತ್ತದೆ. ನಾವು ಹೋದಾಗ ನೀರು ಚೆನ್ನಾಗಿತ್ತು, ದಡದಲ್ಲಿ ಗಟ್ಟಿ ಹುಲ್ಲು.

ಐದೂವರೆಯಿಂದ ಆರರವರೆಗಿನ ಬೆಳಕು ಜೇನಿನ ಬಣ್ಣ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತರೆ ಕೂದಲ ಅಂಚೆಲ್ಲ ಹೊಳೆಯುತ್ತದೆ, ಮುಖ ಮಾತ್ರ ತಂಪಾದ ಬೆಳಕಿನಲ್ಲಿ. ಆರೂಕಾಲಿನ ಹೊತ್ತಿಗೆ ಸೂರ್ಯ ಮುಳುಗಿದ, ಆಮೇಲೆ ಹೆಚ್ಚು ಸಮಯ ಸಿಗುವುದಿಲ್ಲ, ನಮ್ಮ ಕಡೆ ಕತ್ತಲು ಬೇಗ. ಇಲ್ಲಿ ಅಜ್ಜಿಗೆ ಮಡಚುವ ಕುರ್ಚಿ ತರಬೇಕು, ಮೇಲೆ ಒಂದು ಶಾಲು ಹೊದಿಸಿದರೆ ಪ್ಲಾಸ್ಟಿಕ್ ಕಾಣುವುದಿಲ್ಲ. ಮಗು ಮಧ್ಯಾಹ್ನ ಮಲಗಿದ್ದರೆ ಮಾತ್ರ ಸಂಜೆ ಆಗುವ ಕೆಲಸ.

ಮನೆಗೆ ಬಂದು ಸೊಸೆಗೆ ಫೋನ್ ಮಾಡಿ ಹೇಳಿದೆ. ಎಲ್ಲರೂ ಸೇರಿದ ದೊಡ್ಡ ಫೋಟೋ ಮೇಲುಕೋಟೆ ಕಲ್ಯಾಣಿಯಲ್ಲಿ, ಏಳು ಗಂಟೆಗೆ ಅಲ್ಲಿರಬೇಕು. ಮೊದಲು ಅಜ್ಜಿ ಇರುವ ಫೋಟೋಗಳೆಲ್ಲ ಮುಗಿಸುತ್ತೇನೆ, ಆಮೇಲೆ ಅವರು ಕಾರಿನಲ್ಲಿ ಕೂರಬಹುದು. ಮಗು ಮಲಗಿ ಎದ್ದರೆ ಗಂಡ ಹೆಂಡತಿ ಮಕ್ಕಳ ಚಿಕ್ಕ ಫೋಟೋಗಳು ಸಂಜೆ ಹಿನ್ನೀರಿನಲ್ಲಿ, ಇಲ್ಲದಿದ್ದರೆ ಅದೂ ಮೇಲುಕೋಟೆಯಲ್ಲೇ. ಕಲ್ಲು ಬೂದು ಬಣ್ಣದ್ದು, ಅದಕ್ಕೆ ಅರಿಶಿನ, ಮರೂನ್, ಗಾಢ ಹಸಿರು ಚೆನ್ನಾಗಿ ಒಪ್ಪುತ್ತೆ, ಸಣ್ಣ ಸಣ್ಣ ಗೆರೆ ಚೌಕಳಿಯ ಅಂಗಿ ಬೇಡ, ಕ್ಯಾಮೆರಾದಲ್ಲಿ ಅಲೆ ಅಲೆಯಾಗಿ ಕಾಣುತ್ತೆ ಅಂದೆ. "ಅತ್ತೆ ಮೈಸೂರು ಸಿಲ್ಕೇ ಉಡ್ತೀನಿ ಅಂತಿದಾರೆ, ನೇರಳೆ ಬಣ್ಣದ್ದು, ಪರವಾಗಿಲ್ವಾ ಮೇಡಂ?" ಅಂತ ಕೇಳಿದರು. ಅದನ್ನೇ ಉಡಲಿ, ಉಳಿದವರ ಬಟ್ಟೆಯನ್ನು ಆ ಸೀರೆ ಪಕ್ಕ ಇಟ್ಟು ನೋಡಿ ಆರಿಸಿ, ಪುಳಿಯೋಗರೆ ಮಾತ್ರ ಫೋಟೋ ಎಲ್ಲ ಮುಗಿದ ಮೇಲೆ ಅಂತ ಹೇಳಿದೆ.