ಜರ್ಬೆರಾಗೆ ಆಷಾಢ ಗೊತ್ತಿಲ್ಲ

"ಆಷಾಢದಲ್ಲಿ ಮದುವೆ ಇಲ್ಲ, ಹೂವಿಗೆ ರೇಟ್ ಇಲ್ಲ, ಹಾಗಾದ್ರೆ ನಿಮಗೂ ಒಂದು ತಿಂಗಳು ರಜೆ ಅಲ್ವಾ?" ಬೆಂಗಳೂರಿನಿಂದ ಬರುವ ನೆಂಟರು ಕೇಳುವ ಮಾತು ಇದು. ಕೇಳುವವರದ್ದು ತಪ್ಪಲ್ಲ. ಬಾಗಿಲು ಎಳೆದು ಬೀಗ ಹಾಕುವ ವ್ಯಾಪಾರವಾಗಿದ್ದರೆ ಹಾಗೇ ಆಗುತ್ತಿತ್ತು. ಆದರೆ ದೊಡ್ಡಬಳ್ಳಾಪುರದ ಕಡೆ ನಮ್ಮ ಅರ್ಧ ಎಕರೆ ಪಾಲಿಹೌಸ್‌ನಲ್ಲಿ, ಅಂದರೆ ಪಾಲಿಥಿನ್ ಶೀಟ್ ಹೊದಿಸಿದ ಮನೆಯಲ್ಲಿ, ಹನ್ನೆರಡು ಸಾವಿರದಷ್ಟು ಜರ್ಬೆರಾ ಗಿಡ ನಿಂತಿವೆ, ಮದುವೆ ಸ್ಟೇಜ್ ಅಲಂಕಾರಕ್ಕೆ ಹಾಕುವ ಬಣ್ಣಬಣ್ಣದ ಅಗಲ ಹೂವಿನ ಗಿಡ. ಅವು ಮೊಗ್ಗು ಬಿಡುತ್ತಲೇ ಇರುತ್ತವೆ. ಯಾರ ಮನೆಯಲ್ಲಿ ಮುಹೂರ್ತ ಇದೆ, ಇಲ್ಲ ಅಂತ ಕೇಳಿಕೊಂಡು ಅವು ಅರಳುವುದಿಲ್ಲ.

ಕೊಯ್ಯದೆ ಬಿಟ್ಟುಬಿಡಿ ಅನ್ನುತ್ತಾರೆ ಕೆಲವರು. ಬಿಡುವ ಹಾಗಿಲ್ಲ. ಗಿಡದಲ್ಲೇ ಉಳಿದ ಹೂ ಹಣ್ಣಾಗಿ ಬೀಜ ಕಟ್ಟಲು ಹೊರಡುತ್ತದೆ, ಗಿಡದ ಶಕ್ತಿ ಎಲ್ಲ ಅಲ್ಲಿಗೇ ಹೋಗುತ್ತದೆ. ಅದೇ ಹೂವಿನೊಳಗೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ ಸೇರಿಕೊಂಡು ಸಂಸಾರ ಹೂಡುತ್ತದೆ. ಮೇಲಿಂದ ಮೋಡ, ತೇವ, ಸೋನೆ ಮಳೆ, ಹಳೇ ಹೂವಿನ ಮೇಲೆ ಬೂದು ಬಣ್ಣದ ಬೂಷ್ಟು ಹಿಡಿದರೆ ಪಕ್ಕದ ಗಿಡಕ್ಕೂ ಹರಡಲು ಜಾಸ್ತಿ ದಿನ ಬೇಕಿಲ್ಲ. ಹಾಗಾಗಿ ಬೆಲೆ ಇದ್ದರೂ ಇಲ್ಲದಿದ್ದರೂ ಕೊಯ್ಲು ಮಾತ್ರ ತಪ್ಪುವುದಿಲ್ಲ. ಕೂಲಿಯೂ ತಪ್ಪದು, ಕೆಲಸವೂ ತಪ್ಪದು, ಹೂ ಹೋಗುವ ಜಾಗ ಮಾತ್ರ ಬೇರೆ.

ಕೊಯ್ಲು ಅಂದೆ, ನಿಜಕ್ಕೂ ಕೊಯ್ಯುವುದಲ್ಲ, ಕೀಳುವುದು. ಜರ್ಬೆರಾಗೆ ಕತ್ತರಿ ಹಾಕಬಾರದು. ಹೂವಿನ ನಡುವಿನ ತಟ್ಟೆಯಲ್ಲಿ ಹೊರಗಿನ ಎರಡು ಮೂರು ಸುತ್ತು ಅರಳಿದೆಯಾ ನೋಡಿ, ದಂಟನ್ನು ಬುಡದಲ್ಲಿ ಹಿಡಿದು, ಪಕ್ಕಕ್ಕೆ ಬಾಗಿಸಿ, ಸ್ವಲ್ಪ ತಿರುಚಿ ಎಳೆದರೆ 'ಟಕ್' ಅಂತ ಬರುತ್ತದೆ. ಕತ್ತರಿಸಿದರೆ ಉಳಿದ ಮೋಟು ಕೊಳೆತು, ಕೊಳೆ ನೇರ ಗಿಡದ ಸುಳಿಗೆ ಇಳಿಯುತ್ತದೆ. ಕಿತ್ತ ತಕ್ಷಣ ಬಕೆಟ್ ನೀರಿಗೆ. ಆಮೇಲೆ ಒಂದೊಂದಕ್ಕೂ ಪ್ಲಾಸ್ಟಿಕ್ ಕ್ಯಾಪ್, ಹತ್ತು ಹತ್ತರ ಕಟ್ಟು, ಬಾಕ್ಸ್, ಗಾಡಿ ಬಾಡಿಗೆ, ಮಂಡಿಯವರ ಕಮಿಷನ್. ಇದನ್ನೆಲ್ಲ ಕೂಡಿಸಿ ನೋಡಿ, ಕಟ್ಟಿಗೆ ಹತ್ತಿಪ್ಪತ್ತು ರೂಪಾಯಿ ಸಿಗುವ ದಿನ ಕಳಿಸಿದರೆ ನಷ್ಟ ಇನ್ನೂ ಜಾಸ್ತಿ. ಹೆಬ್ಬಾಳದ ಹರಾಜು ಕೇಂದ್ರದಲ್ಲಿ ಬೆಲೆ ಮೇಲಿಂದ ಕೆಳಗೆ ಇಳಿಯುತ್ತಾ ಬರುತ್ತದೆ, ಮೊದಲು ಬಟನ್ ಒತ್ತಿದವರಿಗೆ ಮಾಲು. ಆಷಾಢದಲ್ಲಿ ಒತ್ತುವ ಆತುರ ಯಾರಿಗೂ ಇರುವುದಿಲ್ಲ. ಮಂಡಿಗೆ ಫೋನ್ ಮಾಡಿದರೆ "ಕಳಿಸ್ಬೇಡಿ ಅಣ್ಣಾ, ಮೊನ್ನೆದೇ ಬಕೆಟ್ನಲ್ಲಿ ನಿಂತಿದೆ" ಅನ್ನುತ್ತಾರೆ. ಆ ದಿನ ಹೂವೆಲ್ಲ ಗೊಬ್ಬರದ ಗುಂಡಿಗೆ.

ಇಲ್ಲಿ ಒಂದು ತಮಾಷೆ ಇದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಜನಜಾತ್ರೆ, ಅಮ್ಮನ ಗುಡಿಗಳಲ್ಲೆಲ್ಲ ಅಲಂಕಾರ, ಸೇವಂತಿಗೆ ಮಲ್ಲಿಗೆ ಕನಕಾಂಬರ ಬೆಳೆದವರಿಗೆ ಅಷ್ಟೋ ಇಷ್ಟೋ ಕೈ ಹಿಡಿಯುತ್ತದೆ. ನಮ್ಮ ಹೂವಿಗೆ ದೇವರ ತಲೆಯ ಮೇಲೆ ಜಾಗ ಇಲ್ಲ. ಅದು ಬದುಕಿರುವುದೇ ಮದುವೆ ಸ್ಟೇಜ್, ಆರತಕ್ಷತೆ, ಗೃಹಪ್ರವೇಶದ ಬಾಗಿಲು, ಸನ್ಮಾನದ ಬೊಕೆ ನಂಬಿಕೊಂಡು. ಅದರಲ್ಲೂ ಪ್ಲಾಸ್ಟಿಕ್ ಹೂ ಬಂದು ಅರ್ಧ ಸ್ಟೇಜ್ ತಿಂದುಹಾಕಿದೆ. 2022ರ ಜುಲೈಯಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ, ತಟ್ಟೆ, ಲೋಟ ಬಂದ್ ಆಯಿತಲ್ಲ, ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ ಹೂ ಇರಲಿಲ್ಲ. ಈ ವಿಷಯ ಶುರು ಮಾಡಿದರೆ ನಿಲ್ಲಿಸುವುದು ಕಷ್ಟ, ಇನ್ನೊಂದು ದಿನ ಬರೆಯುತ್ತೇನೆ.

ಸರಿ, ಹಾಗಾದರೆ ಮಾಡುವುದೇನು? ನಾನು ಮಾಡುವುದು ಇಷ್ಟೇ. ಪಂಚಾಂಗ ಮುಂದಿಟ್ಟುಕೊಂಡು ಹಿಂದಕ್ಕೆ ಎಣಿಸುತ್ತೇನೆ. ಕಣ್ಣಿಗೆ ಬೀಳುವ ಮೊಗ್ಗು ಕೀಳುವ ಹೂವಾಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ಅಂದರೆ ಆಷಾಢದ ಮಧ್ಯಕ್ಕೆ ಬರುವ ಹೂವನ್ನು ಜ್ಯೇಷ್ಠದಲ್ಲೇ ಮೊಗ್ಗಾಗಿರುವಾಗ ಚಿವುಟಬೇಕು. ಒಳ್ಳೇ ಬೆಲೆ ಇರುವ ಹೊತ್ತಲ್ಲಿ ಮೊಗ್ಗು ಚಿವುಟುವುದಕ್ಕೆ ಕೈ ಬರುವುದಿಲ್ಲ, ಅಪ್ಪ ಅಂತೂ ಆ ಕೆಲಸ ನಡೆಯುವಾಗ ಒಳಗೆ ಕಾಲೇ ಇಡುವುದಿಲ್ಲ. ಆದರೆ ಹೂವಿಗೆ ಹೋಗಬೇಕಾದ ಶಕ್ತಿ ಎಲೆಗೆ ಹೋಗುತ್ತದೆ, ಗಿಡ ಮೈ ತುಂಬಿಕೊಳ್ಳುತ್ತದೆ. ಶ್ರಾವಣಕ್ಕೆ ಬರುವ ದಂಟು ಉದ್ದ, ಹೂ ಅಗಲ. ಎಲ್ಲ ಬೆಡ್‌ಗಳನ್ನೂ, ಅಂದರೆ ಗಿಡ ಕೂರಿಸಿದ ಮಡಿಗಳನ್ನೂ, ಒಟ್ಟಿಗೆ ಚಿವುಟಬಾರದು. ಕಾಲುಭಾಗ ಬಿಡಬೇಕು. ಚರ್ಚ್ ಮದುವೆ, ಹೋಟೆಲ್, ಆಫೀಸ್ ಕಾರ್ಯಕ್ರಮ, ಹುಟ್ಟುಹಬ್ಬ ಅಂತ ಹೂ ಕೇಳುವ ಡೆಕೊರೇಷನ್‌ನವರು ವರ್ಷವಿಡೀ ಇರುತ್ತಾರೆ. ಅವರಿಗೆ ಆಷಾಢದಲ್ಲಿ ಇಲ್ಲ ಅಂದರೆ ಕಾರ್ತಿಕದಲ್ಲಿ ಅವರು ಫೋನ್ ಎತ್ತುವುದಿಲ್ಲ.

ನಮ್ಮ ಪಂಚಾಂಗ ಒಂದೇ ನೋಡಿದರೂ ಸಾಲದು. ತೆಲುಗಿನವರದ್ದು ನಮ್ಮ ಆಷಾಢವೇ. ತಮಿಳರು ಮದುವೆ ಮಾಡದ ಆಡಿ ತಿಂಗಳು ಮಾತ್ರ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅದು ಸೌರಮಾನ, ಪ್ರತಿ ವರ್ಷ ಅಲ್ಲೇ ಕೂತಿರುತ್ತದೆ. ಮಲಯಾಳಿಗಳ ಕರ್ಕಿಡಕವೂ ಅದೇ ಹೊತ್ತಿಗೆ. ಉತ್ತರದ ಕಡೆ ಆಷಾಢ ಏಕಾದಶಿಗೆ ದೇವರು ಮಲಗಿದರೆ ಏಳುವುದು ಕಾರ್ತಿಕಕ್ಕೆ, ನಾಲ್ಕು ತಿಂಗಳು ಮದುವೆ ಮಾತಿಲ್ಲ. ಅಂದರೆ ನಮ್ಮೂರಲ್ಲಿ ಶ್ರಾವಣ ಬಂದು ಓಲಗ ಶುರುವಾದರೂ ಚೆನ್ನೈ ಗಾಡಿಗೆ ಮಾಲು ಬೇಕಿಲ್ಲ, ಮುಂಬೈ ಕಡೆ ಕೇಳುವವರಿಲ್ಲ, ಆ ಹೂವೆಲ್ಲ ಇಲ್ಲೇ ಉಳಿದು ಬೆಲೆ ಇಳಿಸುತ್ತದೆ. 2023 ನೆನಪಿದೆಯಾ? ಆಷಾಢ ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಅಧಿಕ ಶ್ರಾವಣ ಬಂತು. ಜೂನ್ ಮೂರನೇ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಕಡೆ ಮದುವೆ ಇಲ್ಲವೇ ಇಲ್ಲ ಅನ್ನುವ ಹಾಗೆ ಆಯಿತು.

ಖಾಲಿ ತಿಂಗಳಲ್ಲಿ ರಿಪೇರಿ ಮಾಡಿಕೊಳ್ಳಿ ಅನ್ನುವ ಸಲಹೆಯೂ ಸಿಗುತ್ತದೆ. ಡ್ರಿಪ್‌ಗೆ ಅದು ಸರಿ. ನಮ್ಮ ಬೋರ್‌ವೆಲ್ ನೀರು ಗಡಸು, ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಆಸಿಡ್ ಬಿಟ್ಟು, ರಾತ್ರಿಯಿಡೀ ಪೈಪಲ್ಲಿ ನಿಲ್ಲಿಸಿ, ಬೆಳಿಗ್ಗೆ ಬೆಡ್ ಮೇಲೆ ಹಾಯುವ ಸಣ್ಣ ಪೈಪಿನ ತುದಿ ಬಿಚ್ಚಿ ಹರಿಸಿದರೆ ಮೊದಲು ಬರುವ ನೀರು ಮಜ್ಜಿಗೆ ಥರ ಇರುತ್ತದೆ. ಹಳೇ ಎಲೆ ಕಿತ್ತು ಬುಡಕ್ಕೆ ಗಾಳಿ ಆಡುವಂತೆ ಮಾಡುವುದು, ಎಲೆ ಮೇಲೆ ಗೆರೆ ಎಳೆಯುವ ರಂಗೋಲಿ ಹುಳು ಹಿಡಿದದ್ದನ್ನು ಹೊರಗೆ ಸುಡುವುದು, ಬೆಡ್ ಮಣ್ಣು ಸಡಿಲ ಮಾಡುವುದು, ಇವೆಲ್ಲ ಆಷಾಢದ ಕೆಲಸಗಳೇ. ಆದರೆ ಮೇಲಿನ ಪಾಲಿಥಿನ್ ಶೀಟ್ ಬದಲಿಸುವ ಮಾತು ಮಾತ್ರ ಎತ್ತಬೇಡಿ. ಆಷಾಢದ ಗಾಳಿ ಸುಮ್ನೆ ಗಾಳಿಯಲ್ಲ. 200 ಮೈಕ್ರಾನ್ ಶೀಟ್ ಅರ್ಧ ಬಿಚ್ಚಿದ್ದಾಗ ಒಂದು ಬೀಸು ಬಂದರೆ ಶೀಟ್ ಹಿಡಿದ ಹುಡುಗರನ್ನೂ ಎತ್ತಿಕೊಂಡು ಹೋಗುತ್ತದೆ. ಆ ಕೆಲಸ ಏನಿದ್ದರೂ ಚಳಿ ಮುಗಿಯುವ ಹೊತ್ತಿಗೆ, ಗಾಳಿ ಏಳುವ ಮೊದಲು, ಬೆಳಗಿನ ಜಾವದಲ್ಲಿ. ಆಷಾಢದಲ್ಲಿ ಶೀಟ್ ಹಿಡಿದಿರುವ ಸ್ಪ್ರಿಂಗ್ ಕಳಚಿದೆಯಾ, ಎಲ್ಲಾದರೂ ಸೀಳು ಬಿಟ್ಟಿದೆಯಾ ಅಂತ ದಿನಾ ಒಂದು ಸುತ್ತು ನೋಡಿ ಟೇಪ್ ಹಚ್ಚಿದರೆ ಸಾಕು.

ದೊಡ್ಡ ತಲೆನೋವು ಹೂವಿನದ್ದಲ್ಲ, ಜನರದ್ದು. ನಮ್ಮಲ್ಲಿ ಕೀಳುವುದು, ಕಟ್ಟುವುದು ಎಲ್ಲ ಊರಿನ ಹೆಣ್ಣುಮಕ್ಕಳೇ. ಆಷಾಢದಲ್ಲಿ ಕೆಲಸ ಇಲ್ಲ ಬರಬೇಡಿ ಅಂದರೆ ಅಪಾರೆಲ್ ಪಾರ್ಕ್‌ನ ಗಾರ್ಮೆಂಟ್ಸ್ ವ್ಯಾನ್ ಊರ ಬಾಗಿಲಿಗೇ ಬರುತ್ತದೆ. ಒಮ್ಮೆ ಹತ್ತಿದವರು ವಾಪಸ್ ಬರುವುದಿಲ್ಲ. ಯಾಕೆ ಬರಬೇಕು ಹೇಳಿ, ಅಲ್ಲಿ ಪಿಎಫ್ ಇದೆ, ಇಎಸ್‌ಐ ಇದೆ. ಹೂವಿನ ದಂಟು ನೋಡಿದೊಡನೆ ಗ್ರೇಡ್ ಹೇಳುವ ಕೈ ಹೊಸದಾಗಿ ಸಿಗಲು ವರ್ಷ ಬೇಕು. ಅದಕ್ಕೆ ದಿನ ಕಡಿಮೆ ಮಾಡದೆ ಗಂಟೆ ಕಡಿಮೆ ಮಾಡುತ್ತೇನೆ. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೊರಡಲಿ, ಕೂಲಿ ಮುಕ್ಕಾಲು. ಇದನ್ನು ದಾನ ಅಂತ ಯಾರೂ ಅಂದುಕೊಳ್ಳಬೇಡಿ, ಲೆಕ್ಕ ಹಾಕಿಯೇ ಮಾಡುವುದು. ಕಟ್ಟು ಹಾಕುವ ಅಕ್ಕ ಒಬ್ಬರು ಮಾತ್ರ ಹೂವನ್ನು ಗುಂಡಿಗೆ ಸುರಿಯುವಾಗ ಪ್ರತಿ ಸಲ ಬೈಯುತ್ತಾರೆ. "ಮಾರ್ದಿದ್ರೆ ಬೇಡ, ದಾರಿಲಿ ಹೋಗೋ ಮಕ್ಕಳಿಗಾದ್ರೂ ಕೊಡಿ ಸಾಮಿ." ಈಗ ಸ್ಕೂಲ್ ಬಿಡುವ ಹೊತ್ತಿಗೆ ಗೇಟ್ ಹತ್ತಿರ ಒಂದು ಬಕೆಟ್ ಇಡುತ್ತೇವೆ.

ಈ ವರ್ಷ, ಅಂದರೆ 2026ರಲ್ಲಿ, ಲೆಕ್ಕ ಬೇರೆ. ಮೇ 17ರಿಂದ ಜೂನ್ 15 ಅಧಿಕ ಜ್ಯೇಷ್ಠ. ಬೇಸಿಗೆ ಮದುವೆ ಸೀಸನ್ನಿನ ಬಾಲ ಅಲ್ಲೇ ಕತ್ತರಿಸಿ ಬೀಳುತ್ತದೆ. ಆಷಾಢ ಜುಲೈ ಮಧ್ಯಕ್ಕೆ ಜಾರಿದೆ, ಆಡಿಯೂ ಅದೇ ಹೊತ್ತಿಗೆ ಬರುತ್ತದೆ, ಎರಡೂ ಆಗಸ್ಟ್ ಮಧ್ಯದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ನಮ್ಮ ಪಾಲಿಹೌಸ್‌ನ ಎರಡನೇ ಅಂಕಣದಲ್ಲಿರುವ ಗಿಡಕ್ಕೆ ಮೂರು ವರ್ಷ ತುಂಬಿತು, ಹೂ ಸಣ್ಣದಾಗುತ್ತಿದೆ. ಏಪ್ರಿಲ್ ಕೊನೆಗೆ ಅದನ್ನು ಕಿತ್ತು, ಬೆಡ್ ತೊಳೆದು, ಅಧಿಕ ಮಾಸ ಶುರುವಾಗುವ ಹೊತ್ತಿಗೆ ಲ್ಯಾಬ್‌ನಲ್ಲಿ ಬೆಳೆಸಿದ ಹೊಸ ಟಿಶ್ಯೂ ಕಲ್ಚರ್ ಗಿಡ ಕೂರಿಸುವುದು ಅಂತ ಗೊತ್ತು ಮಾಡಿದ್ದೇನೆ. ಮೊದಲ ಎರಡು ತಿಂಗಳ ಮೊಗ್ಗನ್ನು ಹೇಗೂ ಚಿವುಟಲೇಬೇಕು, ಮೂರನೇ ತಿಂಗಳಿಗೆ ಹೂ. ಅಷ್ಟೊತ್ತಿಗೆ ಚೆನ್ನೈ ಗಾಡಿಯೂ ಬಂದಿರುತ್ತದೆ. ಲ್ಯಾಬ್‌ಗೆ ಅಡ್ವಾನ್ಸ್ ಕಟ್ಟಿ ಆಯಿತು. ಕೆಂಪು ಎಷ್ಟು, ಹಳದಿ ಎಷ್ಟು ಅಂತ ಅವರಿಗೆ ಈ ವಾರ ಹೇಳಬೇಕು. ಅಪ್ಪ ಬಿಳಿ ಜಾಸ್ತಿ ಹಾಕಿಸು ಅನ್ನುತ್ತಿದ್ದಾರೆ.