ಕಂಡಿಕೆ ಲೆಕ್ಕ: ಮಗ್ಗದ ಮನೆಯಲ್ಲಿ ಕೈಯ ಅಭ್ಯಾಸ

ಜೂನ್, ಮೊದಲ ವಾರ

ಬಾಗಲಕೋಟೆಯ ನವನಗರದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವ ಚಿಕಿತ್ಸಕಿ) ಆಗಿರುವ ನಾನು ಬಿಡುವಿನ ವೇಳೆಯಲ್ಲಿ ಕೈಗೆತ್ತಿಕೊಂಡಿರುವ ಒಂದು ಸಣ್ಣ ಯೋಜನೆಯ ದಾಖಲೆ ಇದು. ಸಂಶೋಧನಾ ಲೇಖನಗಳಲ್ಲಿ ಓದಿದ್ದನ್ನು ಮಗ್ಗವಿರುವ ಮನೆಯೊಳಗೆ ಒಯ್ದರೆ ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎಂದು ನೋಡುವ ಆಸೆ ಬಹಳ ದಿನಗಳಿಂದ ಇತ್ತು.

ಗುಳೇದಗುಡ್ಡದಲ್ಲಿ ಖಣ ನೇಯುವ ಹಿರಿಯರೊಬ್ಬರಿಗೆ ಕಳೆದ ವರ್ಷ ಲಕ್ವಾ ಹೊಡೆದು ಬಲಗೈ ಸೋತಿದೆ. ನಡಿಗೆ ಪರವಾಗಿಲ್ಲ, ಮಾತು ಸ್ಪಷ್ಟ. ಬಲಗೈ ಬೆರಳುಗಳು ಮಡಚುತ್ತವೆ, ಆದರೆ ಹಿಡಿದದ್ದನ್ನು ಬಿಡಲು ತಡಕಾಡುತ್ತವೆ. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು ಬೇಡ, ಕಾಕಾ ಎಂದರೆ ಸಾಕು.

ಮೊದಲ ಭೇಟಿಯಲ್ಲಿ ಯಾವ ವ್ಯಾಯಾಮವನ್ನೂ ಹೇಳಿಕೊಡಲಿಲ್ಲ. ಕೆನಡಾದಲ್ಲಿ ರೂಪುಗೊಂಡ ಸಿಒಪಿಎಂ ಎಂಬ ಸಂದರ್ಶನ ಪದ್ಧತಿಯಿದೆ. ರೋಗಿಗೆ ಮುಖ್ಯವೆನಿಸುವ ದಿನನಿತ್ಯದ ಕೆಲಸಗಳು ಯಾವುವು, ಅವುಗಳನ್ನು ಈಗ ಎಷ್ಟು ಚೆನ್ನಾಗಿ ಮಾಡುತ್ತಾರೆ, ಅದರಿಂದ ಎಷ್ಟು ತೃಪ್ತಿಯಿದೆ ಎಂಬುದಕ್ಕೆ ಅವರೇ 1ರಿಂದ 10ರವರೆಗೆ ಅಂಕ ಕೊಡಬೇಕು. ಕಾಕಾ ಮೂರು ಕೆಲಸ ಹೇಳಿದರು: ಬಲಗೈಯಿಂದ ರೊಟ್ಟಿ ಮುರಿದು ಉಣ್ಣುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಮಗ್ಗದ ಹಗ್ಗ ಎಳೆದು ಲಾಳಿ ಓಡಿಸುವುದು. ಮೂರನೆಯದಕ್ಕೆ ಎಷ್ಟು ಅಂಕ ಎಂದು ಕೇಳಿದರೆ, "ಸೊನ್ನೆ ಬರೆಯಿರಿ ತಂಗಿ" ಎಂದರು. ಸೊನ್ನೆಗೆ ಜಾಗವಿಲ್ಲ ಎಂದಾಗ, "ಹಾಗಾದರೆ ಒಂದು ಅಂಕ ಪುಕ್ಕಟೆ ಸಿಕ್ಕಿತು" ಎಂದು ನಕ್ಕರು.

ಮನೆಯಲ್ಲಿ ರಬ್ಬರ್ ಚೆಂಡೊಂದಿತ್ತು, ದಿನವೂ ಹಿಚುಕಲು ಯಾರೋ ಹೇಳಿದ್ದರಂತೆ. ಲಕ್ವಾ ಆದ ಮನೆಗೆ ಹೋದಲ್ಲೆಲ್ಲ ಈ ಚೆಂಡು ನನಗೆ ಎದುರಾಗುತ್ತದೆ. ಕಾಕಾನ ಕೈಗೆ ಹಿಡಿಯುವುದು ಬರುತ್ತದೆ, ಬರದಿರುವುದು ಬಿಡುವುದು. ಚೆಂಡು ಮೊಮ್ಮಗನ ಪಾಲಾಯಿತು.

ಜೂನ್, ಕೊನೆಯ ವಾರ

ಪುರಾವೆ ಹುಡುಕುವಾಗ ಅರ್ಧ ಶ್ರಮ ಪ್ರಶ್ನೆಯನ್ನು ಕಟ್ಟುವುದರಲ್ಲೇ ಹೋಗುತ್ತದೆ. "ಲಕ್ವಾ ಆದ ಕೈಗೆ ಏನು ಮಾಡಬೇಕು" ಎಂದು ಹುಡುಕಿದರೆ ಸಾವಿರಾರು ಲೇಖನ ಬಂದು ಬೀಳುತ್ತವೆ. ಹಾಗಾಗಿ ಹೀಗೆ ಕಿರಿದುಗೊಳಿಸಿದೆ: ಪಾರ್ಶ್ವವಾಯುವಾಗಿ ಆರು ತಿಂಗಳು ದಾಟಿದ, ವಸ್ತುಗಳನ್ನು ಹಿಡಿಯಬಲ್ಲ ಕೈಗೆ ಒಂದೇ ಬಗೆಯ ನಿಜವಾದ ಕೆಲಸವನ್ನು ನೂರಾರು ಸಲ ಮಾಡಿಸಿದರೆ ಕೈಬಳಕೆ ಸುಧಾರಿಸುತ್ತದೆಯೇ?

ಈ ದಾರಿಯಲ್ಲಿ ಸಿಕ್ಕ ಮೂರು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಮೂರರ ಹಿಂದೆಯೂ ಇರುವವರು ಅಮೆರಿಕದ ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು. 2009ರಲ್ಲಿ ಅವರು ಅಮೆರಿಕ ಮತ್ತು ಕೆನಡಾದ ಏಳು ಕೇಂದ್ರಗಳಲ್ಲಿ 312 ಥೆರಪಿ ಅವಧಿಗಳನ್ನು ಗಮನಿಸಿ ಚಲನೆಗಳನ್ನು ಎಣಿಸಿದರು. ಕೈಯಿಂದ ನಿಜವಾದ ಕೆಲಸ ಮಾಡಿಸಿದ ಅವಧಿಗಳಲ್ಲಿ ಅದು ನಡೆದದ್ದು ಸರಾಸರಿ 32 ಸಲ ಮಾತ್ರ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಒಂದೊಂದು ಅವಧಿಯಲ್ಲಿ ನೂರಾರು ಸಲ ಮಾಡಿಸುತ್ತಾರೆ. 2010ರ ಸಣ್ಣ ಅಧ್ಯಯನವೊಂದರಲ್ಲಿ ಮನುಷ್ಯರಿಂದಲೂ ಅದು ಸಾಧ್ಯವೇ ಎಂದು ನೋಡಿದರು. ಒಂದು ಗಂಟೆಯಲ್ಲಿ ಸರಾಸರಿ 322 ಸಲ ಆಯಿತು, ಕೈ ಸುಧಾರಿಸಿತು.

ಇಲ್ಲಿಗೆ ಓದು ನಿಲ್ಲಿಸಿದರೆ ಹೆಚ್ಚು ಮಾಡಿಸಿದಷ್ಟೂ ಒಳ್ಳೆಯದು ಎಂದು ಮನೆಮನೆಗೆ ಡಂಗುರ ಸಾರಬಹುದು. ಆದರೆ 2016ರಲ್ಲಿ ಅವರೇ 85 ಜನರನ್ನು ನಾಲ್ಕು ಗುಂಪು ಮಾಡಿ, ಎಂಟು ವಾರಗಳಲ್ಲಿ ಒಟ್ಟು 3,200, 6,400, 9,600 ಸಲ, ಇಲ್ಲವೇ ಆ ವ್ಯಕ್ತಿಗೆ ಸಾಧ್ಯವಾದಷ್ಟು, ಎಂದು ಹಂಚಿ ನೋಡಿದರು. ಸುಧಾರಣೆ ಕಂಡರೂ ಸಣ್ಣದು, ಮತ್ತು ಹೆಚ್ಚು ಮಾಡಿದವರು ಹೆಚ್ಚು ಸುಧಾರಿಸಲಿಲ್ಲ. ತಮ್ಮ ಊಹೆಯನ್ನು ತಾವೇ ಒರೆಗೆ ಹಚ್ಚಿ, ಬಂದ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದ ಈ ತಂಡದ ಬಗ್ಗೆ ನನಗೆ ಗೌರವ ಹೆಚ್ಚಾದದ್ದೇ ಇಲ್ಲಿ.

ಇದರಿಂದ ನಾನು ತೆಗೆದುಕೊಂಡ ನಿರ್ಧಾರ: 32 ಸಲ ಸಾಲದು, ಆದರೆ ಸಾವಿರಗಳ ಬೆನ್ನು ಹತ್ತುವುದಿಲ್ಲ. ಕಾಕಾನ ಭುಜ ನೋಯದಷ್ಟು, ಮನಸ್ಸು ಬೇಸರಪಡದಷ್ಟು. ಕೆಲಸ ಮಾತ್ರ ಪ್ರಯೋಗದಲ್ಲಿದ್ದ ರೀತಿಯಲ್ಲೇ ಇರಬೇಕು. ಕೈ ಚಾಚುವುದು, ಹಿಡಿಯುವುದು, ಬೇರೆಡೆಗೆ ಒಯ್ಯುವುದು, ಬಿಡುವುದು, ಈ ನಾಲ್ಕೂ ಸೇರಿದರೆ ಒಂದು ಸಲ. ಬಿಡದೆ ಹೋದರೆ ಲೆಕ್ಕಕ್ಕಿಲ್ಲ.

ಜುಲೈ

ಅಳೆಯುವ ಸಾಧನ ಬೇಕಿತ್ತು. 'ಬಾಕ್ಸ್ ಆ್ಯಂಡ್ ಬ್ಲಾಕ್' ಪರೀಕ್ಷೆ ಅಗ್ಗ ಮತ್ತು ಸರಳ: ನಡುವೆ ಅಡ್ಡಹಲಗೆಯಿರುವ ಮರದ ಪೆಟ್ಟಿಗೆ, 2.5 ಸೆಂ.ಮೀ. ಅಳತೆಯ 150 ಮರದ ತುಂಡುಗಳು. ಒಂದು ನಿಮಿಷದಲ್ಲಿ ಒಂದೊಂದಾಗಿ ಎಷ್ಟು ತುಂಡುಗಳನ್ನು ಆಚೆ ದಾಟಿಸುತ್ತಾರೆ ಎಂದು ಎಣಿಸುವುದು. ತರಿಸಿದರೆ ದುಬಾರಿ, ಆದ್ದರಿಂದ ಪರಿಚಯದ ಬಡಿಗೇರರ ಬಳಿ ಅಳತೆಗಳನ್ನು ಬರೆದುಕೊಂಡು ಹೋದೆ. ಅಡ್ಡಹಲಗೆ 15.2 ಸೆಂ.ಮೀ. ಎಂದಾಗ, "ಹದಿನೈದು ಸಾಲದೇ? ಎರಡು ಗೆರೆಗೆ ಯಾಕೆ ಹಟ?" ಎಂದು ಕೇಳಿದರು. ಎತ್ತರ ಬದಲಾದರೆ ಬೇರೆಯವರ ಫಲಿತಾಂಶದ ಪಕ್ಕ ನಮ್ಮದನ್ನು ಇಡಲಾಗದು ಎಂದು ವಿವರಿಸಿದೆ. ತಲೆ ಆಡಿಸಿ ಸಾಗವಾನಿಯಲ್ಲಿ ಮಾಡಿಕೊಟ್ಟರು. ಅಂಚುಗಳಿಗೆ ಮರಳು ಕಾಗದ ತಿಕ್ಕಿದ್ದು ಅವರದೇ ಬುದ್ಧಿ. ಒರಟು ಅಂಚಿದ್ದರೆ ಸ್ಪರ್ಶ ಮಂದವಾದ ಬೆರಳಿಗೆ ಸಿಬಿರು ಚುಚ್ಚಿದ್ದೂ ಗೊತ್ತಾಗುವುದಿಲ್ಲ.

ಆರೋಗ್ಯವಂತರು ಎಷ್ಟು ದಾಟಿಸುತ್ತಾರೆ ಎಂಬ ಕೋಷ್ಟಕವನ್ನು 1985ರಲ್ಲಿ ಅಮೆರಿಕದ ಮಿಲ್ವಾಕಿ ಸುತ್ತಮುತ್ತಲ ಜನರನ್ನು ಪರೀಕ್ಷಿಸಿ ತಯಾರಿಸಿದ್ದರು. ಅದನ್ನು ಕಾಕಾನ ಮುಂದೆ ಹಿಡಿಯುವುದರಲ್ಲಿ ಅರ್ಥವಿಲ್ಲ. ಅವರ ಮೊದಲ ಎಣಿಕೆಯೇ ಅವರಿಗೆ ಅಳತೆಗೋಲು. ಬಲಗೈ: 18.

ಇನ್ನು ಅಭ್ಯಾಸದ ಸಾಮಗ್ರಿ. ಪ್ಲಾಸ್ಟಿಕ್ ಕೋನುಗಳ ಚೀಲ ಹೊತ್ತೇ ಹೋಗಿದ್ದೆ, ತೆರೆಯುವ ಪ್ರಸಂಗ ಬರಲಿಲ್ಲ. ರಾಟೆಯ ಪಕ್ಕದ ಬುಟ್ಟಿಯಲ್ಲಿ ಕಂಡಿಕೆಗಳು, ಅಂದರೆ ನೂಲು ಸುತ್ತಿ ಲಾಳಿಯೊಳಗೆ ಇಡುವ ಸಣ್ಣ ಕಡ್ಡಿಗಳು, ರಾಶಿ ಬಿದ್ದಿದ್ದವು. ಕೆಲವು ಖಾಲಿ, ಕೆಲವಕ್ಕೆ ಕೆಂಪು, ಹಸಿರು, ನೀಲಿ ನೂಲು ಸುತ್ತಿತ್ತು. ಖಾಲಿ ಕಂಡಿಕೆ ಬೆರಳಿಗಿಂತ ತೆಳು, ನೂಲು ತುಂಬಿದ್ದು ದಪ್ಪ. ಮೊದಲು ದಪ್ಪವು, ಆಮೇಲೆ ತೆಳುವು, ಕೊನೆಗೆ ತೆಳುವನ್ನು ನೆಟ್ಟಗೆ ನಿಲ್ಲಿಸುವುದು. ಹೀಗೆ ಕಷ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬಹುದು. ಬುಟ್ಟಿಯನ್ನು ದೂರ ಸರಿಸಿದರೆ ಮೊಣಕೈ ಚಾಚಲೇಬೇಕು, ಮಣೆಯ ಮೇಲಿಟ್ಟರೆ ಭುಜ ಏಳಲೇಬೇಕು. ಮುಖ್ಯವಾಗಿ, ಕಾಕಾ ಕಂಡಿಕೆಯನ್ನು ಹಿಡಿಯುವ ಪರಿಯೇ ಬೇರೆ. ಮರದ ತುಂಡನ್ನು ಎತ್ತುವಾಗ ಹುಬ್ಬು ಗಂಟಿಕ್ಕುತ್ತಾರೆ. ಕಂಡಿಕೆಯನ್ನು ಎತ್ತಿದರೆ ಹೆಬ್ಬೆರಳು ತಾನಾಗಿಯೇ ನೂಲಿನ ತುದಿ ಹುಡುಕುತ್ತದೆ.

ಎಣಿಕೆಗೆ ಪುಸ್ತಕ, ಪೆನ್ನು ಬೇಡವಾಯಿತು. ಬುಟ್ಟಿಗೆ ನೂರು ಕಂಡಿಕೆ ಎಣಿಸಿ ಹಾಕಿದೆವು. ಬುಟ್ಟಿ ಬರಿದಾದರೆ ನೂರಾಯಿತು.

ಆಗಸ್ಟ್

ಸೊಸೆಯೊಂದಿಗೆ ಬಹಳ ಹೊತ್ತು ಮಾತಾಡಿದೆ. ಅಭ್ಯಾಸ ಮಾಡಿಸುವ ಹೊಣೆ ಅವರ ಮೇಲೆಯೇ ಬೀಳುತ್ತಿದೆ ಎಂಬ ಆತಂಕ ನನಗಿತ್ತು. ಇದಕ್ಕೆ ನಮ್ಮ ದೇಶದ್ದೇ ದೊಡ್ಡ ಪ್ರಯೋಗವಿದೆ. 2017ರಲ್ಲಿ ಪ್ರಕಟವಾದ 'ಅಟೆಂಡ್' ಪ್ರಯೋಗದಲ್ಲಿ ಭಾರತದ 14 ಆಸ್ಪತ್ರೆಗಳ 1,250 ಪಾರ್ಶ್ವವಾಯು ರೋಗಿಗಳಿದ್ದರು. ಅರ್ಧದಷ್ಟು ಜನರ ಮನೆಯವರಿಗೆ ಆರೈಕೆ ಮತ್ತು ಅಭ್ಯಾಸ ಮಾಡಿಸುವ ತರಬೇತಿ ಕೊಟ್ಟರು. ಆರು ತಿಂಗಳಾದ ಮೇಲೆ ಸಾವು ಅಥವಾ ಪರಾವಲಂಬನೆಯ ಪ್ರಮಾಣ ಎರಡೂ ಗುಂಪುಗಳಲ್ಲಿ ಶೇ. 47. ವ್ಯತ್ಯಾಸವೇ ಇಲ್ಲ.

ಆ ಪ್ರಯೋಗದಲ್ಲಿದ್ದವರು ಹೊಸದಾಗಿ ಲಕ್ವಾ ಆದವರು, ಅಲ್ಲಿ ಅಳೆದದ್ದು ಒಂದು ಕೈಯ ಸಾಮರ್ಥ್ಯವನ್ನಲ್ಲ. ಆದ್ದರಿಂದ ಅದು ನನ್ನ ಪ್ರಶ್ನೆಗೆ ನೇರ ಉತ್ತರವಲ್ಲ. ಆದರೂ ಮನೆಯವರಿಗೆ ಹೇಳಿಕೊಟ್ಟು ಕೈ ತೊಳೆದುಕೊಳ್ಳುವ ನಮ್ಮ ರೂಢಿಗೆ ಅದು ಒಳ್ಳೆಯ ಪೆಟ್ಟು. ಕೆಲಸ ಹೀಗೆ ಹಂಚಿಕೊಂಡೆವು: ಸೊಸೆ ಬುಟ್ಟಿ ಇಡುತ್ತಾರೆ, ಅಷ್ಟೇ. ಕಷ್ಟದ ಹಂತ ಏರಿಸುವುದು, ಇಳಿಸುವುದು, ಭುಜ ನೋವು ಪರೀಕ್ಷಿಸುವುದು ನನ್ನ ಪಾಲು. "ಮೇಡಂ, ಹಾಗಾದರೆ ನಾನು ಗದರಿಸುವ ಹಾಗಿಲ್ಲವೇ?" ಎಂದು ಅವರು ಸ್ವಲ್ಪ ನಿರಾಸೆಯಿಂದಲೇ ಕೇಳಿದರು.

ಆಗಸ್ಟ್ ಮಧ್ಯದಲ್ಲಿ ಮರುಪರೀಕ್ಷೆ: 21. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಅಡ್ಡಿಯಿಲ್ಲ, ಆದರೆ ನನ್ನ ದಾಖಲೆಯಲ್ಲಿ 'ಸುಧಾರಣೆ' ಎಂದು ಬರೆಯಲಿಲ್ಲ. ಲಕ್ವಾ ಆದವರಲ್ಲಿ ಈ ಪರೀಕ್ಷೆಯ ಎಣಿಕೆ 5.5 ತುಂಡುಗಳಷ್ಟು ಏರದೆ ಹೋದರೆ ಅದು ದಿನದ ಏರಿಳಿತವೂ ಇರಬಹುದು ಎಂದು ತೈವಾನಿನ ಸಂಶೋಧಕರು 2009ರಲ್ಲಿ ಲೆಕ್ಕ ಹಾಕಿದ್ದಾರೆ. ಚೆನ್ನಾಗಿ ನಿದ್ದೆ ಬಂದ ಮರುದಿನ ಮೂರು ತುಂಡು ಹೆಚ್ಚಾಗುವುದು ದೊಡ್ಡ ಮಾತಲ್ಲ.

ಅಕ್ಟೋಬರ್

ಬಲಗೈ: 25. ಮೊದಲ ಎಣಿಕೆಗಿಂತ ಏಳು ಹೆಚ್ಚು. ಈಗ 'ಬದಲಾವಣೆ' ಎಂದು ಬರೆದಿದ್ದೇನೆ. ಅದು ಕಂಡಿಕೆಯಿಂದಲೇ ಆಯಿತೆಂದು ಬರೆದಿಲ್ಲ. ಒಬ್ಬರೇ ವ್ಯಕ್ತಿ, ಹೋಲಿಸಲು ಇನ್ನೊಂದು ಗುಂಪಿಲ್ಲ, ಪರೀಕ್ಷಿಸಿದವಳೂ ನಾನೇ.

ಸಿಒಪಿಎಂ ಅಂಕಗಳ ಕಥೆ ಬೇರೆಯೇ. ಎರಡು ಅಂಕ ಏರಿದರೆ ಅರ್ಥಪೂರ್ಣ ಬದಲಾವಣೆ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ರೊಟ್ಟಿಗೆ ಅಷ್ಟು ಬಂದಿದೆ. ಕಟಕ್ ರೊಟ್ಟಿಯಾದರೆ ಬಲಗೈಯಲ್ಲೇ ಮುರಿಯುತ್ತಾರೆ, ಮೆತ್ತನೆಯ ರೊಟ್ಟಿ ಹರಿಯಲು ಇನ್ನೂ ಎಡಗೈ ಬರಬೇಕು. ಗುಂಡಿ ಅಲ್ಲಿಯೇ ನಿಂತಿದೆ. ಹಗ್ಗ ಎಳೆಯುವುದಕ್ಕೆ ಮತ್ತೆ ಒಂದೇ ಅಂಕ ಕೊಟ್ಟರು, ಏಕೆಂದರೆ ಮಗ್ಗಕ್ಕೆ ಇನ್ನೂ ಕುಳಿತೇ ಇಲ್ಲ. ಕಂಡಿಕೆ ಎತ್ತಿಡುವ ಅಭ್ಯಾಸ ತಾನಾಗಿ ಹಗ್ಗ ಎಳೆಯುವುದನ್ನು ಕಲಿಸುತ್ತದೆ ಎಂದು ನಾನು ನಂಬಿರಲೂ ಇಲ್ಲ. ಏನನ್ನು ಅಭ್ಯಾಸ ಮಾಡುತ್ತೇವೋ ಅದೇ ಸುಧಾರಿಸುತ್ತದೆ ಎಂಬುದು ಈ ಕ್ಷೇತ್ರದ ಸಂಶೋಧನೆಯಲ್ಲಿ ಮತ್ತೆ ಮತ್ತೆ ಕಾಣುವ ಮಾತು.

ಹಾಗಾಗಿ ಮುಂದಿನ ಹಂತ ಮಗ್ಗದ ಕುಣಿಯಲ್ಲೇ, ಅಂದರೆ ನೇಕಾರರು ಕಾಲು ಇಳಿಬಿಟ್ಟು ಕೂರುವ ಗುಂಡಿಯಲ್ಲೇ. ಹಗ್ಗದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಬೇಕು, ಲಾಳಿ ಇಲ್ಲದೆ ಬರಿಯ ಹಗ್ಗದಿಂದ ಆರಂಭಿಸಬೇಕು. ಕುಣಿಗೆ ಇಳಿಯುವಾಗ, ಏಳುವಾಗ ಹಿಡಿದುಕೊಳ್ಳಲು ಗೋಡೆಗೊಂದು ಕಬ್ಬಿಣದ ಹಿಡಿ ಬೇಕೆಂದು ಮಗನಿಗೆ ಹೇಳಿ ಬಂದಿದ್ದೇನೆ. ಯಾವ ಎತ್ತರಕ್ಕೆ ಎಂಬುದನ್ನು ಕಾಕಾನನ್ನು ಅಲ್ಲಿ ಕೂರಿಸಿಯೇ ಗುರುತು ಹಾಕಬೇಕು. ದೀಪಾವಳಿಗೆ ಮುಂಚೆ ಆದರೆ ಒಳ್ಳೆಯದು, ಆಮೇಲೆ ಗೌಂಡಿ ಸಿಗುವುದಿಲ್ಲವಂತೆ.